ಗಿಡ್ಡ ಸ್ಪ್ರಿಂಗ್ ಹಾಕಿಸಿಕೊಂಡ ಕಾರು

ಕಾರುಗಳ ಮಾತು ತಿಳಿಯುತ್ತಿದ್ದವನು ಈ ಸೀಮೆಗೆಲ್ಲ ನಾನೊಬ್ಬನೇ. ಸಾಕ್ಷಿಗೆ ಮೇಸ್ತ್ರಿ ಖಾಸಿಂ ಸಾಬರಿದ್ದರು, ಪಾಪ, ತೀರಿಕೊಂಡರು. ನಾನು ಕೆಲಸಕ್ಕಿದ್ದ ಅವರ ಗ್ಯಾರೇಜಿಗೆ ಬಂದಿದ್ದ ಸಣ್ಣ ಬಿಳಿ ಕಾರೊಂದು, ಪಕ್ಕದಲ್ಲಿ ಗಿಡ್ಡ ಸ್ಪ್ರಿಂಗ್ ಹಾಕಿಸಿಕೊಂಡು ನೆಲಕ್ಕಂಟಿದಂತೆ ನಿಂತಿದ್ದ ಕೆಂಪು ಕಾರನ್ನು ಕಂಡು ಕರುಬಿತು.

“ಎಲ್ಲರ ಕಣ್ಣೂ ಅದರ ಮೇಲೇ! ನನಗೂ ಗಿಡ್ಡ ಸ್ಪ್ರಿಂಗ್ ಬೇಕು.”

“ಬೇಡ ತಾಯಿ, ನಿನ್ನ ದಾರಿಯಲ್ಲಿ ಏಳು ರೋಡ್ ಹಂಪುಗಳಿವೆ, ಹೊಟ್ಟೆ ತಗಲುತ್ತದೆ” ಎಂದಿತು ಅದರ ಹಳೇ ಸ್ಪ್ರಿಂಗ್.

“ನಾನು ಚೆಂದವಾದರೆ ನಿನಗೆ ಹೊಟ್ಟೆಕಿಚ್ಚು.”

ಯಜಮಾನನಿಗೂ ಅದೇ ಚಪಲವಿತ್ತು. ಹಳೇ ಸ್ಪ್ರಿಂಗ್ ಗುಜರಿಗೆ ಹೋಯಿತು.

ಮರುದಿನ ಮೊದಲ ಹಂಪಿನಲ್ಲೇ ಬಿಳಿ ಕಾರಿನ ಹೊಟ್ಟೆ ಸಿಕ್ಕಿಕೊಂಡಿತು. ಒಳಗಿದ್ದ ಮುದುಕಿಯಿಂದ ಹಿಡಿದು ಮನೆಮಂದಿಯೆಲ್ಲ ಇಳಿದು ನಡೆದರು. ಹೀಗೆ ಏಳು ಸಲ. ವಾರದೊಳಗೆ ಅವರೆಲ್ಲ ಆಟೋ ಹಿಡಿದರು, ಕಾರು ಗ್ಯಾರೇಜಿಗೆ ಮರಳಿತು.

“ಈಗ ನಾನೂ ನಿನ್ನಂತಾದೆ. ಆದರೆ ನನ್ನವರು ಯಾರೂ ಹತ್ತುತ್ತಿಲ್ಲ” ಎಂದು ಕೆಂಪು ಕಾರಿನ ಮುಂದೆ ಅತ್ತಿತು.

ಕೆಂಪು ಕಾರು ನಿಟ್ಟುಸಿರುಬಿಟ್ಟಿತು. “ಮನೆ ತುಂಬ ಜನರನ್ನು ಕೂರಿಸಿಕೊಂಡು ಬರುತ್ತಿದ್ದ ನಿನ್ನನ್ನು ಕಂಡು, ನಾನೆಷ್ಟು ಉರಿದಿದ್ದೆ ಗೊತ್ತೇ?”

“ಆ ಕೆಂಪು ಕಾರಿನ ಅಡಿಯಲ್ಲೇ ಮಲಗಿ ಈ ಮಾತು ಕೇಳಿದೆ” ಎಂದು ನಾನು ಮುಗಿಸಿದೆ.

ಟೀ ಅಂಗಡಿಯ ಚೆನ್ನಾಜಮ್ಮ ಲೋಟ ತೊಳೆಯುವುದನ್ನು ನಿಲ್ಲಿಸಿದಳು. “ನೆಲಕ್ಕಂಟಿದ ಕಾರಿನಡಿ ನೀವು ಹೆಂಗೆ ತೂರಿದಿರಿ ತಾತ?”

ನಾನು ಭುಜ ಕುಣಿಸಿದೆ. “ಆಗ ಬಲು ತೆಳ್ಳಗಿದ್ದೆ ಕಣವ್ವ.”