ಬೊಗಸೆಗೆ ದಾರಿ ಬೇಕು

ಹತ್ತಿರ ಬನ್ನಿ. ಇನ್ನೂ ಹತ್ತಿರ. ನಾನು ಹೇಳುತ್ತೇನೆ, ನೀವು ಹೂಂ ಅನ್ನಬೇಕು. ಹೂಂ ಅನ್ನದಿದ್ದರೆ ನಾಯಿ ಹೆಜ್ಜೆ ಎತ್ತುವುದಿಲ್ಲ.

ಒಂದು ಊರು. ಊರಲ್ಲಿ ಒಂದು ಸಂದಿ. ಸಂದಿಯ ಒಂದು ತುದಿಗೆ ಗೋಡೆ, ಇನ್ನೊಂದು ತುದಿಗೆ ಬೀದಿ. ಹೋಗುವುದಕ್ಕೂ ಒಂದೇ ದಾರಿ, ಬರುವುದಕ್ಕೂ ಅದೇ ದಾರಿ.

ಆ ಸಂದಿಯಲ್ಲಿ ಇಳಾ ಅಂತ ಒಬ್ಬ ಹುಡುಗಿ. ಅವಳ ಮನೆಯಲ್ಲಿ ಬೊಗಸೆ ಅಂತ ಒಂದು ನಾಯಿ. ತಂದ ದಿನ ಒಂದು ಬೊಗಸೆಯಷ್ಟೇ ಇದ್ದ, ಅದಕ್ಕೇ ಆ ಹೆಸರು. ಈಗ ಮುದುಕ. ಗಡ್ಡವೆಲ್ಲ ಬಿಳಿ.

ಬೊಗಸೆ ಮನೆಯೊಳಗೆ ಒಂದಕ್ಕೆ ಮಾಡುವವನಲ್ಲ. ಸಂದಿಯಲ್ಲೂ ಮಾಡುವವನಲ್ಲ. ಬೀದಿಯ ಹೊಂಗೆ ಮರವೇ ಆಗಬೇಕು. ಬೆಳಗಾದರೆ ಕೊರಳಿಗೆ ಹಗ್ಗ. ಹಗ್ಗದ ತುದಿ ಇಳಾಳ ಕೈಯಲ್ಲಿ. ನಡೆ ನಡೆ ನಡೆ, ಹೊಂಗೆ ಮರ.

ಸಂದಿಯ ಬಾಯಲ್ಲಿ ಕೆಂಚಿ ಅಂತ ಇನ್ನೊಂದು ನಾಯಿ. ಅವಳಿಗೆ ಹಗ್ಗವಿಲ್ಲ, ಮನೆಯಿಲ್ಲ. ಇಸ್ತ್ರಿ ಗಾಡಿಯ ಕೆಳಗೇ ವಾಸ. ಬೊಗಸೆ ಹೋದರೆ ಹೋಗಲಿ, ಬಂದರೆ ಬರಲಿ, ಅವಳು ಅವಳ ಪಾಡಿಗೆ ಇರುತ್ತಿದ್ದಳು.

ಆವತ್ತು ಮಾತ್ರ ದಾರಿಯ ನಡುವೆ ಬಂದು ನಿಂತಳು. ಬೆನ್ನ ಮೇಲಿನ ಕೂದಲು ನಿಮಿರಿತು. ಹಲ್ಲು ಕಾಣಿಸಿತು. ಗುರ್ರ್ ಅಂದಳು.

ಇಳಾ ಹಗ್ಗ ಜಗ್ಗಿದಳು. ಬೊಗಸೆಯ ಎದೆ ಮೇಲೆದ್ದಿತು. ಕೆಂಚಿ ಇನ್ನೂ ಜೋರಾಗಿ ಗುರ್ರ್ ಅಂದಳು.

ಕೆಂಚಿ, ಕೆಂಚಿ, ದಾರಿ ಬಿಡು. ಬೊಗಸೆಗೆ ಒಂದಕ್ಕೆ ಬಂದಿದೆ.

ಬಿಡಲ್ಲ ಅಂದಳು ಕೆಂಚಿ. ನೋಡು, ಗೋಡೆ ಪಕ್ಕ ಗೋಣಿಚೀಲ. ಚೀಲದ ಮೇಲೆ ನನ್ನ ಮರಿಗಳು. ಇನ್ನೂ ಕಣ್ಣು ಬಿಟ್ಟಿಲ್ಲ. ಅವುಗಳ ಮೇಲಿದ್ದ ಗಾಡಿ ಹೋಯಿತು. ನೆರಳಿಲ್ಲ, ಮರೆಯಿಲ್ಲ. ಗಾಡಿ ಬರಲಿ, ದಾರಿ ಬಿಡುತ್ತೇನೆ.

ಇಳಾ ಇಸ್ತ್ರಿ ದೊರೆಸ್ವಾಮಿ ಮಾವನ ಹತ್ತಿರ ಹೋದಳು. ಗಾಡಿ ಸಂದಿಯ ಒಳಗೆ ನಲ್ಲಿಯ ಹತ್ತಿರ ನಿಂತಿತ್ತು.

ಮಾವ, ಮಾವ,
ಬೊಗಸೆಗೆ ಒಂದಕ್ಕೆ ಬಂದಿದೆ.
ಕೆಂಚಿ ದಾರಿ ಬಿಡಲ್ಲ.
ಗಾಡಿ ತಳ್ಳುತ್ತೀರಾ?

ದೊರೆಸ್ವಾಮಿ ತಲೆ ಕೆರೆದುಕೊಂಡ. ಆವತ್ತು ಆಯುಧಪೂಜೆ. ಆಯುಧಪೂಜೆ ಅಂದರೆ ಗೊತ್ತಲ್ಲ? ವರ್ಷವೆಲ್ಲ ನಮಗಾಗಿ ದುಡಿದ ಸಾಮಾನಿಗೆ ಆವತ್ತು ಸ್ನಾನ, ಕುಂಕುಮ, ಹೂವು. ತೊಳೆದು ತಂದುಬಿಡೋಣ ಅಂತ ಅವನು ಗಾಡಿ ಎಳೆದುಕೊಂಡು ಹೋಗಿದ್ದ. ಮರಿಗಳನ್ನು ಚೀಲದ ಸಮೇತ ಗೋಡೆ ಪಕ್ಕಕ್ಕೆ ಸರಿಸಿದ್ದ. ತೊಳೆದ. ಮೈಮರೆತು ಕುಂಕುಮವನ್ನೂ ಇಟ್ಟುಬಿಟ್ಟ. ಇನ್ನು ಕುಂಬಳಕಾಯಿ ಒಡೆಯುವ ತನಕ ಚಕ್ರ ಉರುಳುವ ಹಾಗಿಲ್ಲ. ಸಂದಿಗೆಲ್ಲ ಒಂದೇ ಕುಂಬಳಕಾಯಿ. ಅದು ಆಟೊ ರುದ್ರಣ್ಣನ ಹತ್ತಿರ ಇದೆ, ಪಾಪ, ಬೇಗ ಹೋಗು ಅಂದ.

ಇಳಾ ಓಡಿದಳು. ಬೊಗಸೆ ಓಡಲಿಲ್ಲ. ಕಾಲಿಗೆ ಕಾಲು ಸೇರಿಸಿಕೊಂಡು ನಡೆದ.

ರುದ್ರಣ್ಣ, ರುದ್ರಣ್ಣ,
ಬೊಗಸೆಗೆ ಒಂದಕ್ಕೆ ಬಂದಿದೆ.
ಕೆಂಚಿ ದಾರಿ ಬಿಡಲ್ಲ.
ಗಾಡಿ ಕದಲಲ್ಲ.
ಕಾಯಿ ಒಡೆಯುತ್ತೀರಾ?

ಕುಂಬಳಕಾಯಿ ಆಟೊದ ಹಿಂದಿನ ಸೀಟಿನಲ್ಲಿ ಸವಾರಿ ಹೊರಟ ಹಾಗೆ ಕೂತಿತ್ತು. ರುದ್ರಣ್ಣ ಆಟೊದ ಬೋಳು ಮೂತಿ ತೋರಿಸಿದ. ಹಾರವಿಲ್ಲದ ಆಟೊಗೆ ಪೂಜೆ ಹೇಗೆ ಮಾಡಲಿ, ಪೂಜೆಯಿಲ್ಲದೆ ಕಾಯಿ ಹೇಗೆ ಒಡೆಯಲಿ ಅಂತ ಕೇಳಿದ. ಹಾರ ಬರಲಿ, ಆ ಗಳಿಗೆಯೇ ಒಡೆಯುತ್ತೇನೆ ಅಂದ.

ಇಳಾ ಹೂವಿನ ಪುಟ್ಟತಾಯಮ್ಮನ ಹತ್ತಿರ ಹೋದಳು.

ಅಜ್ಜಿ, ಅಜ್ಜಿ,
ಬೊಗಸೆಗೆ ಒಂದಕ್ಕೆ ಬಂದಿದೆ.
ಕೆಂಚಿ ದಾರಿ ಬಿಡಲ್ಲ.
ಗಾಡಿ ಕದಲಲ್ಲ.
ಕಾಯಿ ಒಡೆಯಲ್ಲ.
ಹಾರ ಕಟ್ಟುತ್ತೀರಾ?

ಪುಟ್ಟತಾಯಮ್ಮನ ಮುಂದೆ ಸೇವಂತಿಗೆಯ ಗುಡ್ಡೆ. ಹೂವಿದೆ, ಬೆರಳಿದೆ, ದಾರವಿಲ್ಲ. ಬೆಳಗಿನಿಂದ ಕಟ್ಟಿ ಕಟ್ಟಿ ಉಂಡೆ ಮುಗಿದುಹೋಗಿದೆ. ದಾರ ತಂದುಕೊಟ್ಟರೆ ಮಾತಾಡುತ್ತಾ ಮಾತಾಡುತ್ತಾ ಕಟ್ಟಿಬಿಡುತ್ತೇನೆ ಅಂದಳು. ಬೊಗಸೆಯನ್ನು ನೋಡಿ, ಸ್ವಲ್ಪ ತಡೆದುಕೋ ಕಣಪ್ಪ ಅಂದಳು.

ಬೊಗಸೆ ತಡೆದುಕೊಂಡ.

ಇಳಾ ಟೈಲರ್ ಗಿರಿಜಕ್ಕನ ಹತ್ತಿರ ಹೋದಳು.

ಅಕ್ಕ, ಅಕ್ಕ,
ಬೊಗಸೆಗೆ ಒಂದಕ್ಕೆ ಬಂದಿದೆ.
ಕೆಂಚಿ ದಾರಿ ಬಿಡಲ್ಲ.
ಗಾಡಿ ಕದಲಲ್ಲ.
ಕಾಯಿ ಒಡೆಯಲ್ಲ.
ಹಾರ ಕಟ್ಟಿಲ್ಲ.
ದಾರ ಕೊಡುತ್ತೀರಾ?

ಕೊಡದೆ ಏನು ಅಂತ ಗಿರಿಜಕ್ಕ ದಪ್ಪ ದಾರ ಎಳೆದಳು. ಒಂದು ಮಾರು ಎಳೆದಳು. ಇನ್ನೊಂದು ಮಾರು ಎಳೆದಳು. ಕತ್ತರಿಗೆ ಕೈ ಚಾಚಿದಳು. ಕೈ ಅಲ್ಲೇ ನಿಂತಿತು. ಕತ್ತರಿ ದೇವರ ಮುಂದೆ ಕುಂಕುಮ ಇಟ್ಟುಕೊಂಡು ಮಲಗಿತ್ತು. ಪೂಜೆಗೆ ಇಟ್ಟ ಕತ್ತರಿಗೆ ಆವತ್ತು ಕೆಲಸ ಹೇಳುವ ಹಾಗಿಲ್ಲ.

ಇಳಾ ಕೈಯಲ್ಲೇ ಜಗ್ಗಿದಳು. ಬೆರಳು ಕೆಂಪಾಯಿತು, ದಾರ ತುಂಡಾಗಲಿಲ್ಲ. ಹಲ್ಲಲ್ಲಿ ಕಡಿಯುತ್ತೇನೆ ಅಂದಳು. ಬೇಡಮ್ಮ, ಎಂಜಲು ದಾರದಲ್ಲಿ ಪೂಜೆ ಹೂವು ಕಟ್ಟುತ್ತಾರಾ ಅಂದಳು ಗಿರಿಜಕ್ಕ. ಎಳನೀರಿನ ನಂಜಪ್ಪನ ಹತ್ತಿರ ಮಚ್ಚು ಕೇಳೋಣ ಬಾ ಅಂತ ದಾರದ ರೀಲು ಹಿಡಿದು ತಾನೂ ಹೊರಟಳು.

ತಾತ, ತಾತ,
ಬೊಗಸೆಗೆ ಒಂದಕ್ಕೆ ಬಂದಿದೆ.
ಕೆಂಚಿ ದಾರಿ ಬಿಡಲ್ಲ.
ಗಾಡಿ ಕದಲಲ್ಲ.
ಕಾಯಿ ಒಡೆಯಲ್ಲ.
ಹಾರ ಕಟ್ಟಿಲ್ಲ.
ದಾರ ತುಂಡಾಗಲ್ಲ.
ಮಚ್ಚು ಕೊಡುತ್ತೀರಾ?

ನಂಜಪ್ಪ ತಾತ ತುಟಿ ಮೇಲೆ ಬೆರಳಿಟ್ಟ. ಮಚ್ಚು ಬಾಳೆಲೆ ಮೇಲೆ ಮಲಗಿತ್ತು. ವರ್ಷವೆಲ್ಲ ಕೊಚ್ಚಿ ಕೊಚ್ಚಿ ಸುಸ್ತಾಗಿದೆ, ಇವತ್ತು ಎಬ್ಬಿಸಲಾರೆ ಅಂದ. ಆಮೇಲೆ ಬೊಗಸೆಯ ಮುಖ ನೋಡಿ ಅವನಿಗೆ ಅಯ್ಯೋ ಅನ್ನಿಸಿತು. ಕುಡಿಯಲು ನೀರು ಕೊಡಲೇ ಅಂತ ಕೇಳಿದ.

ನೀರು ಅಂದ ಕೂಡಲೇ ಬೊಗಸೆ ಮುಖ ತಿರುಗಿಸಿದ.

ಇನ್ನು ಕೇಳುವುದಕ್ಕೆ ಯಾರೂ ಇಲ್ಲ. ಮುಂದೆ ಬರೀ ಗೋಡೆ. ಬೊಗಸೆ ನಡುಗಿದ. ಕುಂಯ್ ಅಂದ. ಇಷ್ಟು ವರ್ಷ ಕಾಪಾಡಿಕೊಂಡ ಮಾನ ಇವತ್ತು ಸಂದಿಯಲ್ಲಿ ಎಲ್ಲರ ಮುಂದೆ ಹೋಗುತ್ತದೆ. ಇಳಾಳ ಕಣ್ಣು ತುಂಬಿತು. ಅವನ ಪಕ್ಕದಲ್ಲೇ ಕುಕ್ಕರಿಸಿ ಕೂತಳು.

ಕೂತಾಗ ಮಚ್ಚು ಹತ್ತಿರ ಕಾಣಿಸಿತು. ಮಚ್ಚಿನ ಪಕ್ಕ ಬಾಳೆಹಣ್ಣು. ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಊದುಬತ್ತಿ ಮೆಲ್ಲಗೆ ವಾಲಿತು. ಅದರ ಕೆಂಪು ತುದಿ ಮಚ್ಚಿಗೆ ಹಾಕಿದ್ದ ಹೂವಿನ ದಾರಕ್ಕೆ ತಾಗಿತು. ಸುರ್. ದಾರ ಎರಡು ತುಂಡು. ಒಂದು ಹೂವು ಉರುಳಿತು.

"ತಾತ, ಮಚ್ಚು ಮಲಗಿರಲಿ. ಊದುಬತ್ತಿ ಕೊಡ್ತೀರಾ?"

ತಾತ ಇಳಾಳನ್ನು ನೋಡಿದ. ಗಿರಿಜಕ್ಕನನ್ನು ನೋಡಿದ. ಬೆಂಕಿ ತಾಗಿದರೆ ಎಂಜಲಲ್ಲವಲ್ಲ ಅಂತ ನಕ್ಕ. ಊದುಬತ್ತಿ ಕಿತ್ತುಕೊಟ್ಟ.

ಗಿರಿಜಕ್ಕ ದಾರ ಹಿಡಿದಳು.

ಊದುಬತ್ತಿ ತಾಗಿತು, ದಾರ ತುಂಡಾಯಿತು.

ಪುಟ್ಟತಾಯಮ್ಮನ ಬೆರಳು ಓಡಿತು. ಮಾತಾಡುವುದನ್ನೂ ಮರೆತಳು.

ಊದುಬತ್ತಿ ತಾಗಿತು, ದಾರ ತುಂಡಾಯಿತು. ದಾರ ಬಂತು, ಹಾರ ಕಟ್ಟಿತು.

ರುದ್ರಣ್ಣ ಆಟೊಗೆ ಹಾರ ಹಾಕಿದ. ಕುಂಬಳಕಾಯಿಯನ್ನು ಮೂರು ಸುತ್ತು ತಿರುಗಿಸಿದ. ಬೇಗ ಬೇಗ ತಿರುಗಿಸಿದ. ಢಬ್.

ಊದುಬತ್ತಿ ತಾಗಿತು, ದಾರ ತುಂಡಾಯಿತು. ದಾರ ಬಂತು, ಹಾರ ಕಟ್ಟಿತು. ಹಾರ ಬಿತ್ತು, ಕಾಯಿ ಒಡೆಯಿತು.

ದೊರೆಸ್ವಾಮಿ ಗಾಡಿ ತಳ್ಳಿದ. ಗಡ ಗಡ ಗಡ. ಗೋಡೆ ಪಕ್ಕ ತಂದು ನಿಲ್ಲಿಸಿದ. ಮರಿಗಳ ಮೇಲೆ ನೆರಳು ಬಿತ್ತು. ಕೆಂಚಿ ಒಳಗೆ ನುಸುಳಿದಳು. ಒಂದು ಮರಿ ನೆಕ್ಕಿದಳು, ಇನ್ನೊಂದು ಮರಿ ನೆಕ್ಕಿದಳು.

ಇಳಾ ಹೊರಟಳು. ಆದರೂ ಅವಳಿಗೆ ಭಯ. ಹಗ್ಗವನ್ನು ಮುಷ್ಟಿಗೆ ಸುತ್ತಿಕೊಂಡಳು. ಬೊಗಸೆಯ ಕೊರಳು ಬಿಗಿಯಿತು. ಕೆಂಚಿ ತಲೆ ಎತ್ತಿದಳು.

"ಬಿಗಿ ಹಿಡೀಬೇಡ, ಪುಟ್ಟಿ," ಅಂದ ದೊರೆಸ್ವಾಮಿ. "ನಿನ್ನ ಭಯ ಹಗ್ಗದೊಳಗೆ ಇಳಿಯುತ್ತೆ. ಹಗ್ಗದಿಂದ ಅವನಿಗೆ ಹೋಗುತ್ತೆ. ಅವನಿಂದ ಅವಳಿಗೆ ಹೋಗುತ್ತೆ. ಕೈ ಸಡಿಲ ಬಿಡು. ಆ ಕಡೆ ಗೋಡೆ ಹಿಡಿದು ಹೋಗು. ಮರಿಗಳ ಕಡೆ ನೋಡಬೇಡ. ಬಾಣಂತಿ ಕಣಮ್ಮ ಅವಳು."

ಇಳಾ ಕೈ ಸಡಿಲ ಬಿಟ್ಟಳು. ಹಗ್ಗ ಜೋತುಬಿತ್ತು. ಬೊಗಸೆಯ ತಲೆ ತಗ್ಗಿತು. ಕೆಂಚಿಯ ತಲೆಯೂ ತಗ್ಗಿತು. ಆ ಕಡೆ ಗೋಡೆ ಹಿಡಿದು ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ಗುರ್ರ್ ಅನ್ನಲಿಲ್ಲ.

ಊದುಬತ್ತಿ ತಾಗಿತು, ದಾರ ತುಂಡಾಯಿತು.
ದಾರ ಬಂತು, ಹಾರ ಕಟ್ಟಿತು.
ಹಾರ ಬಿತ್ತು, ಕಾಯಿ ಒಡೆಯಿತು.
ಕಾಯಿ ಒಡೆಯಿತು, ಗಾಡಿ ಕದಲಿತು.
ಗಾಡಿ ಬಂತು, ಕೆಂಚಿ ದಾರಿ ಬಿಟ್ಟಳು.
ಕೆಂಚಿ ದಾರಿ ಬಿಟ್ಟಳು, ಬೊಗಸೆ ಹೊಂಗೆ ಮರ ಸೇರಿದ.

ಸೇರಿದವನೇ ಕಾಲೆತ್ತಿದ. ಎತ್ತಿದ ಕಾಲು ಇಳಿಸಲೇ ಇಲ್ಲ. ಸುರ್ರ್ ಅಂತ ಸುರಿದದ್ದೇ ಸುರಿದದ್ದು. ಒಂದು ಸೈಕಲ್ ಹೋಯಿತು. ಒಂದು ಹಸು ಹೋಯಿತು. ಒಂದು ಮದುವೆ ವ್ಯಾನು ಹೋಯಿತು. ಬೊಗಸೆ ಕಣ್ಣು ಮುಚ್ಚಿಕೊಂಡು ಇನ್ನೂ ನಿಂತೇ ಇದ್ದ.

ಬೊಗಸೆಯ ಹೊಟ್ಟೆ ಹಗುರವಾಯಿತು. ನನ್ನ ಬಾಯಿಯೂ ಹಗುರವಾಯಿತು.

ನಿಮ್ಮಲ್ಲಿ ಯಾರಿಗೆ ಒಂದಕ್ಕೆ ಬಂದಿದೆ? ಎದ್ದು ಹೋಗಿ ಬನ್ನಿ. ದಾರಿಗೆ ಯಾರೂ ಅಡ್ಡ ನಿಂತಿಲ್ಲ.