ಗುಮಾಸ್ತನಿಗೆ ಸಾಕ್ಷಿಪಾಠ

ನನ್ನ ಅಕ್ಷರ ಒರಟು, ಓದಿದ್ದೂ ಅಲ್ಪ. ನಾನು ಕಸ ಗುಡಿಸುವ ಕಚೇರಿಯಲ್ಲಿ ಕಂಡದ್ದನ್ನು ಅಂಜುತ್ತಲೇ ಬರೆಯುತ್ತಿದ್ದೇನೆ.

ವಕೀಲ ಪಂಪಣ್ಣನವರು ಮೇಲ್ಮನವಿಯ ಗಡುವನ್ನು ಮರೆತರು. ಕಕ್ಷಿದಾರಳಾದ ಕೊಟ್ರವ್ವ ಮನೆ ಕಳೆದುಕೊಳ್ಳುವಂತಾಯಿತು. ವಕೀಲರ ತಪ್ಪಿಗೆ ಪರಿಹಾರ ಕೊಡುವ ವಿಮೆಯೇನೋ ಇತ್ತು. ಆದರೆ ತಪ್ಪನ್ನು ಕೂಡಲೇ, ಇದ್ದದ್ದು ಇದ್ದಂತೆ ತಿಳಿಸಬೇಕು. ಸುಳ್ಳು ಸಿಕ್ಕಿಬಿದ್ದರೆ ಆಕೆಗೆ ಬಿಡಿಗಾಸೂ ಇಲ್ಲ.

ತಮ್ಮ ಹೆಸರಿಗೆ ಮಸಿ ಹತ್ತೀತೆಂದು ಹೆದರಿದ ವಕೀಲರು ಗುಮಾಸ್ತನನ್ನು ಗದರಿಸಿದರು: "ಗಡುವು ಮರೆತವನು ನೀನೇ ಅಂತ ವಿಮೆಯವರ ಮುಂದೆ ಒಪ್ಪಿಕೋ. ಇಲ್ಲದಿದ್ದರೆ ನಾಳೆಯಿಂದ ಬರಬೇಡ!"

"ಆಗಲಿ ಸಾಹೇಬ್ರೇ. ಸಾಕ್ಷಿಗಳಿಗೆಲ್ಲ ಮೊದಲು ಪಾಠ ಹೇಳಿಕೊಡ್ತೀರಲ್ಲ, ನನಗೂ ಹೇಳಿಕೊಡಿ. ವಿಮೆಯವರ ಹಾಗೆ ನೀವೇ ಪ್ರಶ್ನೆ ಕೇಳಿ."

ವಕೀಲರು ಕೋಟು ಸರಿಪಡಿಸಿಕೊಂಡರು. "ಫೈಲು ಎಲ್ಲಿತ್ತು?"

"ನಿಮ್ಮ ಕಾರಿನಲ್ಲಿ."

"ಕಾರಿನ ಕೀಲಿ?"

"ನಿಮ್ಮ ಜೇಬಿನಲ್ಲಿ."

"ಗಡುವಿನ ದಿನ ನಾನೆಲ್ಲಿದ್ದೆ?"

"ಬೀಗರ ಮನೆಯ ಮದುವೆಯಲ್ಲಿ."

"ಹಾಗಾದರೆ ನೀನು ಮರೆತದ್ದು ಹೇಗೋ, ಸುಳ್ಳುಗಾರ!" ವಾದದ ಹುರುಪಿನಲ್ಲಿ ವಕೀಲರು ಮೇಜು ಗುದ್ದಿದರು. ಗುದ್ದಿದ ಕೈ ಅಲ್ಲಿಯೇ ನಿಂತಿತು.

"ಅದಕ್ಕೆ ಉತ್ತರ ಹೇಳಿಕೊಡಿ, ಸಾಹೇಬ್ರೇ," ಎಂದ ಗುಮಾಸ್ತ.

ಕಡೆಗೆ ವಕೀಲರು ತಾವೇ ವಿಮೆಯವರಿಗೆ ಫೋನು ಮಾಡಿದರು: "ನನ್ನಿಂದ ಒಂದು ತಪ್ಪಾಗಿದೆ."

ಬರಹದಲ್ಲಿ ತಪ್ಪುಗಳಿದ್ದರೆ ಓದುವವರು ದಯಮಾಡಿ ಮನ್ನಿಸಬೇಕು.