ತೊಳೆದು ಕೊಂದ ಹೊಳೆ

"ಕೇಳ್ರಪ್ಪೋ ಕೇಳಿ! ಹೊಳೆದಂಡೆಯ ರಾಕ್ಷಸಿಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ಅರಸುಮಗಳು. ತಪ್ಪಿದವನು ರಾಕ್ಷಸಿಯ ಬಾಯಿಗೆ!"

ಹೀಗೆಂದು ಹಿರೇಮಡುವಿನ ಅರಸ ಡಂಗುರ ಹೊಡೆಸಿದ. ತಾನು ಮಾತ್ರ ಅಟ್ಟಣೆ ಹತ್ತಿ ಮೂಗು ಮುಚ್ಚಿಕೊಂಡು ಕೂತ. ಅರಸರ ಧೈರ್ಯ ಯಾವತ್ತೂ ಕಂಡವರ ಮೈಮೇಲೆ ತಾನೆ?

ಹೊಳೆ ಗಬ್ಬು ನಾರುತ್ತಿತ್ತು, ಮೀನೆಲ್ಲ ಸತ್ತು ತೇಲಿದ್ದವು. ಆ ನಾತಕ್ಕೇ ಬಂದ ರಾಕ್ಷಸಿ, ಒಗಟು ಬಿಡಿಸುವ ತನಕ ಕದಲೆನೆಂದು ದಂಡೆಯಲ್ಲಿ ಕೂತುಬಿಟ್ಟಿದ್ದಳು. ಊರಿನ ಬಚ್ಚಲ ನೀರು ಎರಡು ಹೊಂಡ ಹಾಯ್ದು, ತಿಳಿಯಾಗಿ ಹೊಳೆ ಸೇರುವುದು ಅಲ್ಲಿನ ಪದ್ಧತಿ. ಹೊಂಡ ಕಾಯುವ ಮುದುಕ ಮಾಳಿಂಗನೇ ಹೊಳೆ ಕೆಡಿಸಿದನೆಂದು ಅರಸ ಅವನನ್ನು ಸೆರೆಗೆ ತಳ್ಳಿದ್ದ. ಮಾಳಿಂಗನ ಮಗ ಸಣ್ಣೀರ ದಿನವೂ ಜನರ ಹಿಂದೆ ನಿಂತು ನೋಡುತ್ತಿದ್ದ.

ಮೊದಲ ದಿನ ಪಕ್ಕದ ದೇಶದ ರಾಜಕುಮಾರ ಬಂದ. ರಾಕ್ಷಸಿ ಕೇಳಿದಳು: "ಓಡುತ್ತಿದ್ದರೆ ಕೊಳಕ, ಸುಮ್ಮನೆ ನಿಂತರೆ ಮಡಿವಂತ. ಯಾರವನು?"

"ಕುದುರೆ!" ಎಂದ. ಗುಳುಂ! ಪಾದರಕ್ಷೆ ಮಾತ್ರ ಆಚೆಗೆ ಉಗಿದಳು.

ಮರುದಿನ ಆಸ್ಥಾನ ಪಂಡಿತ ನಾಲ್ಕು ಶ್ಲೋಕ ಹೇಳಿ, "ಮನಸ್ಸು" ಎಂದ. "ಮಾತು ಚೆನ್ನಾಗಿದೆ. ನಾನು ಕೇಳಿದ್ದು ಅದಲ್ಲ" ಎಂದು ಅವನನ್ನು ಶ್ಲೋಕದ ಸಮೇತ ನುಂಗಿದಳು.

ಮೂರನೇ ದಿನ ಬೆಸ್ತರ ಮುದ್ದ ಬಂದ. ಹೊಳೆ ಸತ್ತ ಮೇಲೆ ಅವನ ಮಕ್ಕಳಿಗೆ ಗಂಜಿಗೂ ಗತಿಯಿರಲಿಲ್ಲ. "ಬಚ್ಚಲ ನೀರು" ಎಂದು ಮೊದಲನೆಯದನ್ನು ಗೆದ್ದೇಬಿಟ್ಟ. ಜನ ಕೇಕೆ ಹಾಕಿದರು.

"ಲಕ್ಷ ಜನ ಆಳು, ಊರ ಹೊಲಸು ತಿಂದು ಊರನ್ನೇ ಕಾಯುತ್ತಾರೆ. ಒಬ್ಬನ ಮುಖವನ್ನೂ ಯಾರೂ ಕಂಡಿಲ್ಲ. ಯಾರವರು?"

"ಮೀನು, ತಾಯಿ."

"ಮೀನಿನ ಮುಖ ನೀನು ಕಂಡಿಲ್ಲವೇನೋ?" ಎಂದು ರಾಕ್ಷಸಿ ಕೈ ಚಾಚಿದಳು. ಮುದ್ದನ ಹೆಂಡತಿ ಚೀರಿ ಚೀರಿ ದಂಡೆಯಲ್ಲೇ ಬಿದ್ದಳು. ಸಣ್ಣೀರ ತಲೆ ತಗ್ಗಿಸಿದ.

ಅಂದು ಸಂಜೆ ಮತ್ತೊಂದು ಡಂಗುರ: ನಾಳೆ ಮಧ್ಯಾಹ್ನ ಮಾಳಿಂಗನಿಗೆ ನೇಣು. ಬೆಳಗಾಗುತ್ತಲೇ ಸಣ್ಣೀರ ಜನರನ್ನು ತಳ್ಳಿಕೊಂಡು ಮುಂದೆ ಬಂದ.

"ಮೊದಲನೆಯದು ಬಚ್ಚಲ ನೀರು. ಹೊಂಡದಲ್ಲಿ ಅಲುಗದೆ ನಿಂತರೆ ಕೊಳಕು ತಳ ಸೇರಿ ಮೇಲೆ ತಿಳಿಯಾಗುತ್ತದೆ. ಎರಡನೆಯದು ಹೊಂಡದ ಹಳೇ ಕೆಸರಿನಲ್ಲಿರುವ, ಕಣ್ಣಿಗೆ ಕಾಣದ ಹುಳು. ಹಾಲಿಗೆ ಹೆಪ್ಪು ಹಾಕುವ ಹಾಗೆ ನಮ್ಮಪ್ಪ ಎಷ್ಟೇ ಬಳಿದರೂ ಒಂದು ಗಡಿಗೆ ಹಳೇ ಕೆಸರು ಉಳಿಸುತ್ತಿದ್ದ."

"ಭಲೆ! ತೊಳೆದದ್ದಕ್ಕೇ ಸತ್ತಿತು ಈ ಹೊಳೆ. ಕೊಂದವರು ಯಾರು?"

ಅಟ್ಟಣೆಯ ಮೇಲಿಂದ ಅರಸ ಕೂಗಿದ: "ತೊಳೆದ ಕೈ ನಿನ್ನಪ್ಪನದು. ಅವನ ಹೆಸರು ಹೇಳೋ! ಹೇಗೂ ಸಾಯುವ ಮುದುಕ. ನನ್ನ ಹೆಸರೆತ್ತಿದರೆ ಈ ಗಳಿಗೆಯಲ್ಲೇ ಅವನನ್ನು ನೇಣಿಗೆ ಹಾಕಿಸುತ್ತೇನೆ."

ಸಣ್ಣೀರ ಸೆರೆಮನೆಯ ಕಡೆಗೊಮ್ಮೆ ನೋಡಿದ. ಆದರೂ ಹೇಳಿದ: "ಮಗಳನ್ನು ನೋಡಲು ಬರುವ ನೆಂಟರಿಗೆ ವಾಸನೆ ಬರಬಾರದೆಂದು ಎರಡೂ ಹೊಂಡಗಳನ್ನು ತಳದ ತನಕ ಸುಣ್ಣ ಹಾಕಿ ಉಜ್ಜಿಸಿದ್ದು ಅರಸ. ಬೇಡ ಬುದ್ಧಿ, ಹುಳು ಸತ್ತರೆ ಹೊಳೆ ಸಾಯುತ್ತೆ ಎಂದು ಕಾಲು ಹಿಡಿದ ನಮ್ಮಪ್ಪನಿಗೆ ಚಾಟಿ ಬೀಸಿಸಿದ್ದೂ ಅರಸನೇ."

"ತಪ್ಪು ಹೇಳಿದವರನ್ನು ತಿಂದಾಯಿತು. ಈಗ ತಪ್ಪು ಮಾಡಿದವನ ಸರದಿ" ಎಂದ ರಾಕ್ಷಸಿ, ಅಟ್ಟಣೆಯಿಂದ ಅರಸನನ್ನು ಹಣ್ಣು ಕಿತ್ತಂತೆ ಕಿತ್ತು ಅಗಿದು ತಿಂದಳು. ಬಾಯಿ ಒರೆಸಿಕೊಂಡು ಹೊರಟೇಹೋದಳು.

ಮಂತ್ರಿಗಳು ಇಡೀ ರಾಜ್ಯವನ್ನೇ ಸಣ್ಣೀರನ ಕಾಲಿಗೆ ಒಪ್ಪಿಸಿದರು. ಅವನು ಸೆರೆಮನೆಗೆ ಓಡಿ, ಕೈಯಾರೆ ಅಪ್ಪನ ಸಂಕೋಲೆ ಬಿಚ್ಚಿದ.

"ಉತ್ತರ ನಿನಗೆ ಯಾವತ್ತು ಹೊಳೆಯಿತು?" ಕೇಳಿದ ಮುದುಕ.

"ಮೊದಲ ಎರಡೂ ಕೇಳಿದ ಕೂಡಲೇ, ಅಪ್ಪ. ಹೊಳೆ ಕೊಂದವರು ಯಾರೆಂಬುದೂ ಗೊತ್ತೇ ಇತ್ತು. ಅರಸನ ಭಯ..."

"ಕಾವಲಿನವರು ಹೇಳಿದರು, ಮುದ್ದ ನಿನ್ನೆದುರಿಗೇ ಹೋದನಂತಲ್ಲೋ. ನಿನ್ನಪ್ಪನ ಕುತ್ತಿಗೆಗೆ ಬಂದ ಮೇಲೆ ಬಾಯಿ ಬಂತೇ ನಿನಗೆ?"

ಮಗನ ಕೈ ಕೊಡವಿ, ಬಾಸುಂಡೆ ಎದ್ದ ಬೆನ್ನನ್ನು ಹೊತ್ತುಕೊಂಡು, ಮಾಳಿಂಗ ಬೆಸ್ತರ ಕೇರಿಯ ಕಡೆ ನಡೆದ. ಹೊಸ ಅರಸ ಸೆರೆಮನೆಯ ಬಾಗಿಲಲ್ಲೇ ನಿಂತಿದ್ದ.